ಲಾರಿ ಇಳಿಸುವ ಪದ್ಧತಿ

“ಇಂಜಿನ್ ಬಂದ್ ಮಾಡಾ ಮಾಬ್ಲ! ಬಂದ್ ಮಾಡ್ದೆ ನಾ ಜಂಗಲು ಬಿಡೂದಿಲ್ಲ,” ಎಂದು ಅಂಬಿಗರ ಹಮ್ಮ ಕೂಗಿದ.

ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹೊಡೆದ ಜಂಗಲು ಅದು. ಶರಾವತಿ ದಾಟುವ ಲಾರಿ ಅದರ ಮೇಲೆ ಸದ್ದು ಮಾಡಕೂಡದು ಎನ್ನುವುದು ಹಮ್ಮನ ಕಟ್ಟಳೆ. ಮಾಬ್ಲ ಪಕ್ಕದಲ್ಲಿ ಕೂತ ಕೃಷ್ಣಾನಂದ ಪೈಗಳ ಮುಖ ನೋಡಿ ನಕ್ಕು, ದೊಡ್ಡ ದರ್ಬಾರಿನಲ್ಲಿ ಇಂಜಿನ್ ಆರಿಸಿದ. ಲಾರಿಯ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಇಳಿಜಾರು ಸಿಕ್ಕಿದರೆ ಉರುಳಿಸಿ ಚಾಲೂ ಮಾಡುವುದು, ಸಿಗದಿದ್ದರೆ ಇಲ್ಲ. ಹೊಳೆ ದಾಟುವುದಿದ್ದರೂ ಅವನು ನೀರು ಉಬ್ಬುವ ಭರತದ ಹೊತ್ತು ಕಾಯುತ್ತಿದ್ದ. ಆಗ ಜಂಗಲು ಮೇಲೇರಿ ಹಲಗೆ ದಡದ ಕಟ್ಟೆಗೆ, ಧಕ್ಕೆಗೆ, ಇಳಿಜಾರಾಗಿ ಬೀಳುತ್ತಿತ್ತು. ಇವತ್ತು ಪೈಗಳಿಗೆ ಅವಸರ. ನೀರು ಅರ್ಧ ಇಳಿದು ಜಂಗಲು, ಹಲಗೆ, ಹೊನ್ನಾವರದ ಧಕ್ಕೆ ಮೂರೂ ಚಾಪೆ ಹಾಸಿದಷ್ಟು ಸಮ.

ಪೈಗಳು ಕುಮಟೆಯ ಉಪ್ಪಿನ ವ್ಯಾಪಾರಿ. ಭಟ್ಕಳದಲ್ಲಿ ಹಂಚು ಇಳಿಸಿ ಖಾಲಿ ಬರುತ್ತಿದ್ದ ಲಾರಿಯನ್ನು ಅವರು ಹತ್ತಿದ್ದೇ ಅದರ ಯೋಗ್ಯತೆ ನೋಡಲಿಕ್ಕೆ. ಒಪ್ಪಿಗೆಯಾದರೆ ಮಳೆ ಹಿಡಿಯುವವರೆಗೆ ಹುಬ್ಬಳ್ಳಿಗೆ ಉಪ್ಪು ಹೊರುವ ಬಾಡಿಗೆ ಪೂರ್ತಿ ಮಾಬ್ಲನದು. ಇಲ್ಲವಾದರೆ ಮುಂದಿನ ಕಂತಿಗೆ ಲಾರಿಯೇ ಸಾಲ ಕೊಟ್ಟ ಸಾವ್ಕಾರನ ಮನೆಗೆ.

ಅದಕ್ಕೇ ದಾರಿಯುದ್ದಕ್ಕೂ ಮಾಬ್ಲನ ಬಾಯಿ ಲಾರಿಗಿಂತ ಜೋರಾಗಿ ಓಡಿತ್ತು. ಮುರ್ಡೇಶ್ವರದ ಹತ್ತಿರ ಚಾ ಅಂಗಡಿ ದಾಟಿ ಎರಡು ಫರ್ಲಾಂಗು ಮುಂದೆ, ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ, “ಸಮುದ್ರ ಕಾಣ್ದಿದ್ರೆ ಇದು ನಿಲ್ಲೂದಿಲ್ಲ ಒಡೆಯಾ. ಹಡಗಿನ ಕಬ್ಬಿಣದಲ್ಲಿ ಮಾಡಿದ್ದು,” ಎಂದಿದ್ದ. ಮಂಕಿಯಲ್ಲಿ ಇನ್ನೊಂದು ಏರಿನಲ್ಲಿ ನಿಲ್ಲಿಸಿ, ಅರಬೈಲ್ ಘಟ್ಟದಲ್ಲಿ ಅಡ್ಡ ಬಂದ ಹುಲಿಯೊಂದು ತನ್ನ ಹಾರ್ನಿಗೆ ಹೆದರಿ ಯಲ್ಲಾಪುರದವರೆಗೆ ಮುಂದೆ ಮುಂದೆ ಓಡಿ, ಎತ್ತಿನ ಗಾಡಿಗಳನ್ನೆಲ್ಲ ಬದಿಗೆ ಸರಿಸಿಕೊಟ್ಟ ಕಥೆ ಹೇಳಿದ್ದ. ಪೈಗಳು ಹೂಂ ಎನ್ನುತ್ತ ಎಲೆಯಡಿಕೆಯ ಕವಳ ಜಗಿದಿದ್ದರು. ಚಾ ಕುಡಿಯಲಿಕ್ಕೆ ಹೋಗಿಬಂದು ನಾಲ್ಕು ಫರ್ಲಾಂಗು ನಡೆದಿದ್ದರು.

ಜಂಗಲು ನಡುಹೊಳೆಗೆ ಬಂದಾಗ ಮಾಬ್ಲ ಕೆಳಗಿಳಿದು, ಒಣಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸರ ಹತ್ತಿರ ಹೋದ. ಒಂಬತ್ತು ಮಂದಿ. ಅವರ ಮುಂದಾಳು ನಾಗಿ.

“ನಾಗಕ್ಕಾ, ಇವತ್ತು ಬುಟ್ಟಿ ಹೊತ್ಕಂಡು ನಡೂದು ಬ್ಯಾಡ. ಕುಮಟೆ ಸಂತೆವರೆಗೆ ನನ್ನ ಲಾರಿ. ಬಿಟ್ಟಿ.”

ನಾಗಿ ಕಣ್ಣು ಸಣ್ಣ ಮಾಡಿದಳು. “ನೀ ಬಿಟ್ಟಿ ಕೊಡೂದು ಸುಳ್ಳು ಒಂದೇ ಅಲ್ದನಾ? ನೂಕೂದು ಉಂಟಾ ಎಂತ?”

“ಮೆತ್ತಗೆ ಮಾತಾಡೇ ಮಾರಾಯ್ತಿ! ನೂಕೂದಲ್ಲ. ಸಣ್ಣಕೆ ಕೈ ಹಚ್ಚೂದು.”

“ಹಂಗಾರೆ ಹೋಗೂಕೆ ಒಂದೇ ಅಲ್ಲ. ಸಂಜೆಗೆ ತಿರುಗಿ ಈ ಧಕ್ಕೆಗೆ ತಂದು ಬಿಡೂದು.”

“ಆತು.”

“ದೇವ್ರಾಣೆ ಹೇಳು.”

“ಲಾರಿ ಆಣೆ,” ಎಂದ ಮಾಬ್ಲ. ನಾಗಿಗೆ ಅದು ಹೆಚ್ಚು ಗಟ್ಟಿ ಎನಿಸಿತು.

ಮಾಬ್ಲ ಎದೆ ಉಬ್ಬಿಸಿಕೊಂಡು ಪೈಗಳ ಹತ್ತಿರ ಬಂದ. “ಒಡೆಯಾ, ಇಲ್ಲೊಂದು ಪದ್ಧತಿ ಉಂಟು. ಹೊಳೆ ದಾಟಿ ಬಂದ ಲಾರಿ ಅಂದ್ರೆ ಮದುಮಗಳು ಇದ್ದಂಗೆ. ತಾನಾಗೇ ಹಾರಿ ಇಳೂಕಾಗ. ಹೆಂಗಸ್ರು ಕೈ ಹಚ್ಚಿ ಇಳಿಸ್ಬೇಕು. ಹೋದ ವರ್ಷ ಒಬ್ಬ ಪದ್ಧತಿ ಬಿಟ್ಟ. ಅವ್ನ ಲಾರಿ ತಿಂಗ್ಳಿಡೀ ಹಿಂದಕ್ಕೇ ಓಡ್ತು. ಕಾರವಾರಕ್ಕೆ ಹೊರಟವ ಉಡುಪಿ ಮುಟ್ದ!”

“ಗಂಡಸರು ಕೈ ಹಚ್ಚಬಹುದೋ?” ಎಂದು ಪೈಗಳು ಕೇಳಿದರು.

“ನಾ ಹೆಣ್ಣಿನ ಅಪ್ಪ, ಒಳಗೇ ಕೂತ್ಕಂಬೂದು. ಉಳ್ದವ್ರು ಯಾರೂ ಹಚ್ಲಕ್ಕು.”

ಪೈಗಳು ಕರಿಟೋಪಿ ತೆಗೆದು ಸೀಟಿನ ಮೇಲಿಟ್ಟರು. ಧೋತರ ಮೇಲಕ್ಕೆ ಕಟ್ಟಿ ಕೆಳಗಿಳಿದರು.

ಹಗ್ಗ ಧಕ್ಕೆಗೆ ಬಿತ್ತು, ಹಲಗೆ ಬಿತ್ತು. “ಐಸಾ!” ಎಂದಳು ನಾಗಿ. ಲಾರಿ ಅಲುಗಲಿಲ್ಲ. “ಐಸಾ, ಹಮ್ಮಣ್ಣ, ನೀನೂ ಬಾ!” ಲಾರಿ ಹಲಗೆ ದಾಟಿ ಧಕ್ಕೆಗೆ ಬಂತು. ಮಾಬ್ಲ ಕ್ಲಚ್ ಬಿಟ್ಟ. ಲಾರಿ ಒಂದು ಸಲ ಕೆಮ್ಮಿ ಸುಮ್ಮನಾಯಿತು. ಮುಂದೆ ಹತ್ತು ಮಾರು ಜಾಗ ಉಳಿದಿತ್ತು, ಅದರಾಚೆ ಏರು. ಏರಿಗೆ ಮೂತಿ ತಾಗಿದರೆ ಮುಗಿಯಿತು, ಆನೆ ಬಂದು ನೂಕಿದರೂ ಹತ್ತುವುದಿಲ್ಲ. ಹಿಂದಿನಿಂದ ಹೆಂಗಸರ ಕೂಗಿನ ನಡುವೆ ಪೈಗಳ ದಪ್ಪ ದನಿಯೂ “ಐಸಾ” ಎಂದದ್ದು ಮಾಬ್ಲನಿಗೆ ಕೇಳಿಸಿತು. ಕಣ್ಣು ಮುಚ್ಚಿ ಮತ್ತೆ ಕ್ಲಚ್ ಬಿಟ್ಟ. ಲಾರಿ ಕಪ್ಪು ಹೊಗೆ ಕಾರಿ ಗುಡುಗಿತು.

“ಇಳೀತು ಮದುಮಗಳು!” ಎಂದು ನಾಗಿ ಚಪ್ಪಾಳೆ ತಟ್ಟಿದಳು. ಹೆಂಗಸರು ಬುಟ್ಟಿ ಸಮೇತ ಹಿಂದೆ ಹತ್ತಿದರು. ಪೈಗಳು ಮುಖದ ಮಸಿ ಒರೆಸಿಕೊಳ್ಳದೆ ಹಾಗೇ ಬಂದು ಕೂತರು. ಕುಮಟೆಯವರೆಗೆ ಕವಳ ಜಗಿಯುತ್ತ ದಾರಿಯ ಏರು ಇಳಿಜಾರು ನೋಡಿದರು. ಮಾಬ್ಲ ಮಾತ್ರ, ತಾನೊಮ್ಮೆ ಯಾಣದ ಬಂಡೆ ನೆರಳಲ್ಲಿ ಲಾರಿ ನಿಲ್ಲಿಸಿದ್ದಾಗ ಬಂಡೆಯೇ ಹೆದರಿ ಎರಡಡಿ ಹಿಂದೆ ಸರಿದದ್ದನ್ನು ಹೇಳಿ ಮುಗಿಸಿದ.

ಸಂತೆಯಲ್ಲಿ ಹೆಂಗಸರನ್ನು ಇಳಿಸಿ ಮುಟ್ಟಿದ ಪೈಗಳ ಗೋದಾಮಿನ ಅಂಗಳ ದೋಸೆ ಕಾವಲಿಯಷ್ಟು ಸಮ. ಮಾಬ್ಲ ಇಂಜಿನ್ ಆರಿಸದೆ ಕೂತ.

“ಬಂದ್ ಮಾಡೋದಿಲ್ವೋ?”

“ಬಿಸಿ ಇದ್ದಾಗ ಆರಿಸ್ರೆ ಇದ್ಕೆ ಜ್ವರ ಬತ್ತದೆ ಒಡೆಯಾ.”

ಪೈಗಳು ಕೆಳಗಿಳಿದು ಟೋಪಿ ಹಾಕಿಕೊಂಡರು. ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೋಡಿದರು. “ನಾಡಿದ್ದಿನಿಂದ ಉಪ್ಪು ತುಂಬುವಾ, ಬಾಡಿಗೆ ನಿನಗೇ,” ಎಂದರು. ಮಾಬ್ಲ ಕೈ ಮುಗಿಯುವಷ್ಟರಲ್ಲಿ ಅವನ ಕಿಟಕಿಗೆ ಹತ್ತಿರ ಬಂದರು.

“ಆದ್ರೆ ನಮ್ಮ ಗೋದಾಮಿಗೂ ಒಂದು ಪದ್ಧತಿ ಉಂಟು, ಮಾಬ್ಲಾ. ಹೊಸ ಲಾರಿ ಬರುವ ಮುಂಚೆ ಅಂಗಳದಲ್ಲಿ ಹತ್ತು ಗಾಡಿ ಮಣ್ಣು ಹಾಕಿ ಒಂದು ಏರು ಕಟ್ಟಬೇಕು. ಮಣ್ಣು ನಾನು ಕೊಡ್ತೇನೆ. ಹೊರುವವ ಹೆಣ್ಣಿನ ಅಪ್ಪ.”