ಎತ್ತಿದ ಕಾಲು

"ತಣ್ಣಗಿದೆ," ಎಂದಳು ಆಪರೇಷನ್ ಮೇಜಿನ ಮೇಲೆ ಮಲಗಿದ್ದ ಬಸುರಿ. ಅರಿವಳಿಕೆಯ ವೈದ್ಯರು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಅವಳ ಹೊಟ್ಟೆಯ ಬಲಬದಿಗೆ ಮತ್ತೊಮ್ಮೆ ಒತ್ತಿದರು. ಬೆನ್ನಿಗೆ ಚುಚ್ಚಿದ ಮದ್ದು ಹತ್ತಿದ್ದರೆ ಆ ತಂಪು ಅವಳಿಗೆ ಗೊತ್ತಾಗಬಾರದಿತ್ತು.

"ಈಗ?"

"ಈಗಲೂ ತಣ್ಣಗಿದೆ."

"ಅದು ಬರೀ ಹೆದರಿಕೆ," ಎನ್ನುತ್ತ ಡಾಕ್ಟರಮ್ಮ ಬ್ಲೇಡು ಕೈಗೆತ್ತಿಕೊಂಡರು. "ಮಗು ಚೆನ್ನಾಗಿದೆ. ಕಣ್ಣು ಮುಚ್ಕೊಂಡಿರು, ಬೇಗ ಮುಗಿದುಹೋಗುತ್ತೆ."

"ಹೋದ ಸಲಾನೂ ಹೀಗೇ ಹೇಳಿದ್ರಿ."

"ಸುಮ್ನಿರೇ ತಾಯಿ, ಡಾಕ್ಟರಿಗೇ ಪಾಠ ಹೇಳ್ತೀಯಾ?" ಎಂದು ನರ್ಸು ನಕ್ಕಳು.

ಹೋದ ಸಲ ಅವಳು ಸುಮ್ಮನೇ ಇದ್ದಳು. ಬ್ಲೇಡು ಇಳಿದದ್ದು, ಚರ್ಮ ಬಿಚ್ಚಿಕೊಂಡದ್ದು ಎಲ್ಲವೂ ಗೊತ್ತಾಗುತ್ತಿದ್ದರೂ ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ಆಮೇಲೆ ಹೇಳಿಕೊಂಡಾಗ ಗಂಡನೂ ನಂಬಿರಲಿಲ್ಲ, ಅತ್ತೆಯಂತೂ, "ನಾವೇನು ಹೆತ್ತಿಲ್ವಾ?" ಎಂದು ಮುಖ ತಿರುಗಿಸಿದ್ದರು.

ಈ ಸಲ ಹಸಿರು ಬಟ್ಟೆಯಡಿ ಏನೋ ಅಲುಗಿತು. ಮರಗಟ್ಟಿ ಬಿದ್ದಿರಬೇಕಾಗಿದ್ದ ಬಲಗಾಲು ಬಟ್ಟೆಯನ್ನೂ ಎತ್ತಿಕೊಂಡು ಮೆಲ್ಲಗೆ ಮೇಲೇರಿ, ಡಾಕ್ಟರಮ್ಮನ ಎದೆಮಟ್ಟದಲ್ಲಿ ನಿಂತಿತು. ತೊಡೆ ಗಡಗಡ ನಡುಗುತ್ತಿತ್ತು. ಆದರೂ ಅವಳು ಇಳಿಸಲಿಲ್ಲ. ನರ್ಸಿನ ನಗು ಅಲ್ಲೇ ಆರಿತು.

"ಮೇಡಂ, ಮದ್ದು ಹತ್ತಿಲ್ಲ," ಎಂದರು ಅರಿವಳಿಕೆಯ ವೈದ್ಯರು.

"ಗೊತ್ತಾಯ್ತು. ಕಾಲು ಕೆಳಗಿಡಮ್ಮ," ಎಂದರು ಡಾಕ್ಟರಮ್ಮ.

"ಮೊದಲು ನೀವು ಬ್ಲೇಡು ಕೆಳಗಿಡಿ."