ಕೊರಳಿಂದ ಅಂಗೈಗೆ

ಕೊರಳಲ್ಲಿದ್ದ ಇಷ್ಟಲಿಂಗ ತೆಗೆದಿಡಬೇಕು ಎಂದು ಆಸ್ಪತ್ರೆಯವರು ಹೇಳಿದ್ದೇ ತಡ, ಬಸಲಿಂಗವ್ವ ಆಸ್ಪತ್ರೆಯ ಮಂಚದಿಂದ ಇಳಿದು ಚಪ್ಪಲಿ ಹುಡುಕತೊಡಗಿದಳು.

"ಲಿಂಗಾ ಬಿಟ್ಟು ಒಂದ ಗಳಿಗಿ ಇದ್ದಾಕಿ ಅಲ್ಲ ನಾ. ನಡೀಯಪ್ಪಾ, ಇಳಕಲ್ಲಿಗೆ ಹೋಗೂಣು."

ಮಗ ವಿಜಯಮಹಾಂತೇಶನಿಗೆ ಸಿಟ್ಟು, ಅಳು ಒಟ್ಟಿಗೇ ಬಂದವು. ಗಂಟಲಿನ ಕ್ಯಾನ್ಸರ್ ಗಂಟು ಆಗಲೇ ರೊಟ್ಟಿ ಇಳಿಯಗೊಡುತ್ತಿರಲಿಲ್ಲ. ಗಾಮಾ ಕಿರಣ ಕೊಡಿಸದಿದ್ದರೆ ತಿಂಗಳೊಪ್ಪತ್ತಿನಲ್ಲಿ ನೀರೂ ಇಳಿಯದು ಎಂದು ಬಾಗಲಕೋಟೆಯ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ಜೀವಾ ಹೋದ ಮ್ಯಾಲೆ ಲಿಂಗಾ ತಗೊಂಡು ಏನ ಮಾಡ್ತಿಬೇ?" ಅಂದುಬಿಟ್ಟ. ಅಂದ ಮೇಲೆ ಅವನಿಗೇ ಕೆಡುಕೆನಿಸಿತು.

ಕೋಬಾಲ್ಟ್ ಯಂತ್ರ ನಡೆಸುವ ಶಾಹಿದ ಅವಸರ ಮಾಡಲಿಲ್ಲ. "ಯವ್ವಾ, ಲಿಂಗಾ ಇಡೂ ಕರಡಗಿ ಬೆಳ್ಳೀದು. ಕಿರಣ ಬೀಳೂ ಜಾಗಾದಾಗ ಅಡ್ಡ ಬರ್ತದ."

"ಕಿರಣ ಅಂದ್ರ ಸುಡತೈತೇನು?"

"ಕಣ್ಣಿಗೆ ಕಾಣಂಗಿಲ್ಲ, ಬಿಸಿನೂ ಹತ್ತಂಗಿಲ್ಲ. ಮೈಯಾಗ ಹಾದು ಹೋಗಿ ಗಂಟು ಸಾಯಸ್ತದ. ಸುತ್ತಲ ಚಲೋ ಮಾಂಸಕ್ಕೂ ಒಂದೀಟು ಪೆಟ್ಟು ಬೀಳ್ತದ, ಬಾಯಿ ಹುಣ್ಣಾಗ್ತದ, ಆಮ್ಯಾಲ ಮಾಯ್ತದ. ನಾವೆಲ್ಲಾ ಹೊರಗ ನಿಂತು ಟಿ.ವಿ.ಯಾಗ ನಿಮ್ಮನ್ನ ನೋಡ್ತಿರ್ತೀವಿ."

"ಅಷ್ಟ ಚಲೋ ಔಷಧ ಇದ್ರ ನೀವ್ಯಾಕ ಹೊರಗ ಓಡ್ತೀರಿ?"

ಶಾಹಿದ ನಕ್ಕ. "ನಿಮಗ ರೋಗಕ್ಕಂತ ಅಳತಿ ಮಾಡಿ ಕೊಡೋದು. ನಮಗ ದಿನಾ ಸುಮ್ಮಸುಮ್ಮನ ಬಿದ್ರ ನಾವ ರೋಗಿ ಆಗ್ತೀವಿ."

ಬಸಲಿಂಗವ್ವ ಕೋಣೆಯ ದಪ್ಪ ಬಾಗಿಲನ್ನು ನೋಡಿದಳು, ಮಗನನ್ನು ನೋಡಿದಳು. ದನಿ ಸಣ್ಣದಾಯಿತು. "ನೀವೆಲ್ಲಾರೂ ಹೊರಗ. ಇವನೂ ಹೊರಗ ಹ್ವಾದ್ರ ನನ್ನ ಜೋಡಿ ಯಾರ ಇರ್ತಾರ?"

ಅವ್ವನ ಹಠದ ಹಿಂದೆ ಇಷ್ಟು ದೊಡ್ಡ ಹೆದರಿಕೆ ಇತ್ತೆಂದು ವಿಜಯಮಹಾಂತೇಶನಿಗೆ ಆಗಲೇ ತಿಳಿದದ್ದು. ಪಾಪ ಅನ್ನಿಸಿ ಕಣ್ಣು ತುಂಬಿತು.

"ಪೂಜಿ ಹೆಂಗ ಮಾಡ್ತೀರಿ ಯವ್ವಾ?" ಶಾಹಿದ ಕೇಳಿದ.

"ಎಡಗೈಯಾಗ ಇಟಗೊಂಡು."

"ಹಂಗ ಇಟಗೋರಿ. ಕೈ ಸೊಂಟದ ಕಡೆ ಇರಲಿ, ಅಲ್ಲಿ ನಾವು ಕಿರಣ ಬಿಡಂಗಿಲ್ಲ. ಕೊಳ್ಳಾಗ ಬ್ಯಾಡ, ಮೈ ಬಿಟ್ಟು ತಗಿಯೂದೂ ಬ್ಯಾಡ."

ಬಸಲಿಂಗವ್ವ ಲಿಂಗವನ್ನು ತಾನೇ ಅಂಗೈಗೆ ತೆಗೆದುಕೊಂಡು, ಖಾಲಿ ಕರಡಿಗೆಯನ್ನು ಮಗನ ಕೈಗಿಟ್ಟು ಯಂತ್ರದಡಿ ಮಲಗಿದಳು. ಬಾಗಿಲು ಮುಚ್ಚಿತು. ಹೊರಗಿನ ಪರದೆಯಲ್ಲಿ ಅವ್ವನ ಬಿಗಿಮುಷ್ಟಿಯನ್ನೇ ನೋಡುತ್ತ ವಿಜಯಮಹಾಂತೇಶ ನಿಂತಿದ್ದ.

ಕೆಲವು ನಿಮಿಷಗಳಲ್ಲಿ ಮುಗಿಯಿತು. "ಹೆದರಿಕಿ ಆತೇನ್ಬೇ?" ಎನ್ನುತ್ತ ಮಗ ಒಳಗೆ ಬಂದ.

ಬಸಲಿಂಗವ್ವ ಬೆವೆತ ಅಂಗೈ ಬಿಚ್ಚಿ, ಸೆರಗಿನಿಂದ ಲಿಂಗವನ್ನು ಮೆತ್ತಗೆ ಒರೆಸಿದಳು.

"ನನಗೇನ ಆಗಲಿಲ್ಲ. ಇವ ಎಲ್ಲಿ ಹೆದರ್ತಾನೋ ಅಂತ ಗಟ್ಟಿ ಹಿಡಕೊಂಡಿದ್ನಿ."