ಎದುರು ಕುರ್ಚಿಯ ಅಕ್ಕ

“ನಿನ್ನ ಕಷ್ಟಕ್ಕೆ ಔಷಧಿ ಸಿಕ್ಕಿದೆ, ಬಾ ಎಲ್ಡರ್ ಹಾಫೋಕಾ,” ಎನ್ನುತ್ತ ತರಬೇತುದಾರ ಬ್ರದರ್ ಹ್ಯಾಲಮ್ ಅಭ್ಯಾಸದ ಕೋಣೆಯ ಬಾಗಿಲು ತೆರೆದರು. ಎದುರು ಕುರ್ಚಿಯಲ್ಲಿ ಕೂತಿದ್ದವಳನ್ನು ಕಂಡು ಮಾಕಾ ಹಾಫೋಕಾನ ಜೀವ ಬಾಯಿಗೆ ಬಂತು. ಅವಳು ಅವನ ಸ್ವಂತ ಅಕ್ಕ ಲೋಸಾ.

ಹ್ಯಾಲಮ್ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಮಾಡಿದ್ದರು. ಆಕ್ಲೆಂಡಿನಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ಧರ್ಮಪ್ರಚಾರಕರ ಆ ತರಬೇತಿ ಕೇಂದ್ರಕ್ಕೆ ಕಾಲಿಟ್ಟರೆ ಸಾಕು, ಮೀಸೆ ಮೂಡದ ಹುಡುಗರೂ ‘ಎಲ್ಡರ್’ ಎಂಬ ಹಿರಿಯರಾಗಿಬಿಡುತ್ತಾರೆ. ಹಿರಿತನ ಬಂದಷ್ಟು ಸಲೀಸಾಗಿ ಮಾತು ಬರಬೇಕಲ್ಲ! ಮನೆಮನೆಗೆ ಹೋಗಿ ದೇವರ ಮಾತು ಹೇಳಬೇಕಾದ ಮಾಕಾ ಅಪರಿಚಿತರೆದುರು ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಇವತ್ತೂ ಬಾಯಿ ಬಿಡದಿದ್ದರೆ ಅಡಿಲೇಡಿಗೆ ಹೊರಟ ತಂಡ ಅವನನ್ನು ಬಿಟ್ಟೇ ಹೋಗುವುದರಲ್ಲಿತ್ತು. ಟೊಂಗಾ ದೇಶದ ಹಾಪಾಯ್ ದ್ವೀಪದಲ್ಲಿ ಅವನ ಊರಿಗೆ ಊರೇ ಹಂದಿ ಸುಟ್ಟು, ಊಟ ಹಾಕಿ, ಕೊರಳಿಗೆ ಹಾರ ಹಾಕಿ ಕಳಿಸಿತ್ತು. ಆ ಊರಿಗೆ ಇನ್ನು ಯಾವ ಮುಖ ತೋರಿಸುವುದು?

“ಹೊರಗಿನವರು ಅಂದ್ರೆ ಹೆದರ್ತೀಯ, ಸರಿ. ಅಕ್ಕನ ಹತ್ರ ಏನಪ್ಪಾ ಹೆದರಿಕೆ?” ಎಂದರು ಹ್ಯಾಲಮ್. “ನಾಳೆ ಬೆಳಿಗ್ಗೆ ಅವರೂ ಪ್ರಚಾರಕ್ಕೆ ಅಂತ ಫಿಜಿಗೆ ಹೊರಡ್ತಾರೆ. ಇವತ್ತು ಮಾತ್ರ ಅವರು ಅಡಿಲೇಡಿನ ಮಾರ್ಗರೆಟ್ ಅನ್ನೋ ಹೆಂಗಸು. ನೀವಿಬ್ರೂ ಅವರ ಮನೆಗೆ ಬಂದಿದ್ದೀರಿ. ಹೂಂ, ಶುರು ಮಾಡಿ.”

ಇಬ್ಬರೆಂದರೆ ಮಾಕಾ ಮತ್ತು ಅವನ ಜೋಡಿ ಎಲ್ಡರ್ ಪ್ರಿಚರ್ಡ್. ಆಸ್ಟ್ರೇಲಿಯಾದ ದನ ಸಾಕುವ ಫಾರ್ಮಿನಿಂದ ಬಂದ ಪ್ರಿಚರ್ಡ್‌ಗೆ ಒಂದು ಸಂಗತಿ ಗೊತ್ತಿತ್ತು: ಊಟದ ಮನೆಗೆ ಲೋಸಾ ಬಂದಳೆಂದರೆ ಮಾಕಾ ತಟ್ಟೆ ಎತ್ತಿಕೊಂಡು ದೂರದ ಮೇಜಿಗೆ ಹೋಗುತ್ತಾನೆ. ಅಕ್ಕ ತಮ್ಮನಿಗೆ ಏನೋ ಹಳೇ ಜಗಳ ಇರಬೇಕೆಂದು ಅವನು ತಿಳಿದಿದ್ದ.

ಅದು ಜಗಳವಲ್ಲ, ಮರ್ಯಾದೆ. ಟೊಂಗಾದ ಕಟ್ಟಳೆಯಂತೆ ಹುಡುಗ ಬೆಳೆದ ಮೇಲೆ ಅಕ್ಕ ತಮ್ಮ ಒಂದೇ ಸೂರಿನಡಿ ಮಲಗುವಂತಿಲ್ಲ, ಎದುರುಬದುರು ಕೂತು ಹರಟುವಂತಿಲ್ಲ. ನಗೆಚಾಟಿಕೆಯಂತೂ ದೂರದ ಮಾತು. ಎಷ್ಟೋ ಮನೆಗಳಲ್ಲಿ ಸಡಿಲಾಗಿದ್ದ ಈ ಕಟ್ಟು ಅವರ ಅಜ್ಜಿಯ ಮನೆಯಲ್ಲಿ ಮಾತ್ರ ಕಬ್ಬಿಣದಷ್ಟು ಗಟ್ಟಿ. ಅಜ್ಜಿ ಅವನ ಚಾಪೆ ಸುತ್ತಿ ಹಿತ್ತಿಲಿನ ಗಂಡುಹುಡುಗರ ಗುಡಿಸಲಿಗೆ ಹಾಕಿಸಿದ ದಿನ ಮಾಕಾ ಬಿಕ್ಕಿ ಬಿಕ್ಕಿ ಅತ್ತಿದ್ದ. ಅಲ್ಲಿಯವರೆಗೆ ಅವನ ಲೋಕವೆಲ್ಲ ಲೋಸಾ. ಸಮುದ್ರದ ನೀರು ಇಳಿದಾಗ ಇಬ್ಬರೂ ಹವಳದ ದಿಬ್ಬದ ಮೇಲೆ ಚಿಪ್ಪು ಆಯಲು ಹೋಗುತ್ತಿದ್ದರು. ಅವನ ಕಾಲಿಗೆ ಮುಳ್ಳು ಚುಚ್ಚೀತೆಂದು ಅವಳು ಬೆನ್ನ ಮೇಲೆ ಹೊತ್ತುಕೊಂಡು, “ಸರಿಯಾಗಿ ಹಿಡ್ಕೊಳೋ ಮೊದ್ದು, ನೀರಿಗೆ ಬಿಸಾಕ್ತೀನಿ ನೋಡು,” ಎಂದು ದಾರಿಯುದ್ದಕ್ಕೂ ಬೈಯುತ್ತಿದ್ದಳು. ಎಂಥ ಸುಖದ ದಿನಗಳು ಅವು! ಆ ಬೈಗುಳ ಕೇಳಿ ಎಷ್ಟೋ ವರ್ಷವಾಗಿತ್ತು.

ಮಾಕಾ ನೆಲ ನೋಡುತ್ತ ಕೂತ. ಪ್ರಿಚರ್ಡ್ ಮೊಣಕೈಯಿಂದ ತಿವಿದ. ಹ್ಯಾಲಮ್ ಕೆಮ್ಮಿದರು. ಆಗ ಲೋಸಾ ತಾನೇ ಬಾಯಿ ತೆರೆದಳು.

“ನಾನು ಮಾರ್ಗರೆಟ್. ನನಗೊಬ್ಬ ತಮ್ಮ ಇದ್ದ, ಎಲ್ಡರ್. ಚಿಕ್ಕವರಿದ್ದಾಗ ನಾವಿಬ್ರೂ ಒಂದು ಗಳಿಗೆ ಬಿಟ್ಟಿರ್ತಿರ್ಲಿಲ್ಲ.”

“ಅಯ್ಯೋ, ತೀರ್ಕೊಂಡ್ರಾ?” ಪ್ರಿಚರ್ಡ್ ಮರುಕದಿಂದ ಕೇಳಿದ.

“ಇಲ್ಲ. ದೊಡ್ಡವನಾದ.”

ಲೋಸಾ ಮುಂದುವರಿಸಿದಳು. “ಅವನ ಚಾಪೆ ಹಿತ್ತಿಲಿಗೆ ಹೋಯ್ತಲ್ಲ, ಅವತ್ತು ನಾನೂ ಅತ್ತೆ. ಅವನಿಗೆ ಅದು ಗೊತ್ತಿಲ್ಲ.”

“ಅಡಿಲೇಡಲ್ಲಿ ಚಾಪೆ ಎಲ್ಲಿಂದ ಬಂತು?” ಎಂದು ಪ್ರಿಚರ್ಡ್ ಗೊಣಗಿದ.

“ಸತ್ತ ಮೇಲೂ ಮನೆಯವರೆಲ್ಲ ಒಟ್ಟಿಗೇ ಇರ್ತಾರೆ ಅಂತೀರಲ್ಲ ನೀವು,” ಲೋಸಾ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು, “ಅಲ್ಲೂ ನಮ್ಮಿಬ್ರನ್ನ ಬೇರೆ ಬೇರೆ ಕೂರಿಸ್ತಾರಾ, ಎಲ್ಡರ್?”

ಕಂಠಪಾಠ ಮಾಡಿಸಿದ್ದ ಪಾಠದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

“ಅಲ್ಲಿಗೆ ನಿಮ್ಮ ಅಜ್ಜಿ ಮೊದಲೇ ಹೋಗಿರ್ತಾರಲ್ಲ, ಮಾರ್ಗರೆಟ್ ಅವರೇ,” ಎಂದ ಮಾಕಾ. “ಚಾಪೆ ಬೇರೆ ಬೇರೆ ಹಾಸಿಟ್ಟು ಕಾಯ್ತಿರ್ತಾರೆ.”

ಲೋಸಾ ಕಿಸಕ್ಕನೆ ನಕ್ಕಳು. ಅಕ್ಕನ ಆ ನಗು ಕಿವಿಗೆ ಬಿದ್ದದ್ದೇ ತಡ, ಮಾಕಾನ ಬಾಯಿಯ ಬೀಗ ಕಳಚಿತು.

“ಆದ್ರೆ ನಿಮ್ಮ ತಮ್ಮ ಒಂದನ್ನೂ ಮರೆತಿಲ್ಲ. ಅವನಿಗೆ ಯಾರ ಹತ್ರಾನೂ ಮಾತಾಡೋಕೆ ಬರಲ್ಲ. ಮನಸ್ಸಲ್ಲಿ ಮಾತ್ರ ದಿನಾ ನಿಮ್ಮ ಹತ್ರಾನೇ ಮಾತಾಡ್ತಾನೆ. ಏನು ತಿಂದೆ, ಯಾರು ಬೈದ್ರು, ಎಲ್ಲಾ ಹೇಳ್ತಾನೆ. ಬಾಯಿಂದ ಬಾರದ ಮಾತೂ ದೇವರಿಗೆ ಕೇಳಿಸುತ್ತೆ ಅಂತ ನಾನು ನಂಬಿದ್ದೀನಿ. ನಿಮಗೂ ಒಂದಿನ ಕೇಳಿಸುತ್ತೆ.”

ಲೋಸಾ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಹ್ಯಾಲಮ್‌ಗೆ ಹಿಗ್ಗೋ ಹಿಗ್ಗು.

“ಭಲೇ! ಏನು ನಟನೆ ಇಬ್ಬರದೂ! ಅಡಿಲೇಡ್ ಗ್ಯಾರಂಟಿ ಕಣಯ್ಯಾ,” ಎಂದು ಮಾಕಾನ ಬೆನ್ನು ತಟ್ಟಿದರು. “ಆದ್ರೆ ಮುಖ್ಯವಾದದ್ದನ್ನೇ ಮರೆತೆ. ಮತ್ತೆ ಯಾವಾಗ ಬರ್ಲಿ ಅಂತ ಕೇಳದೆ ಯಾರ ಮನೆಯಿಂದಲೂ ಏಳಬಾರ್ದು. ಕೇಳು.”

ಇನ್ನು ಒಂದೂವರೆ ವರ್ಷ ಅವಳು ಫಿಜಿ ಕಡೆ, ಎರಡು ವರ್ಷ ಅವನು ಅಡಿಲೇಡ್ ಕಡೆ. ಆಮೇಲೆ ಇಬ್ಬರೂ ಅಜ್ಜಿಯ ಮನೆಗೆ.

“ಮತ್ತೆ ಯಾವಾಗ ಬರಲಿ, ಮಾರ್ಗರೆಟ್ ಅವರೇ?” ಮಾಕಾ ನೆಲ ನೋಡುತ್ತಲೇ ಕೇಳಿದ.

“ಯಾವಾಗ ಬೇಕಾದ್ರೂ ಬನ್ನಿ, ಎಲ್ಡರ್,” ಎಂದಳು ಲೋಸಾ. “ಮಾರ್ಗರೆಟ್ ಮನೇಲಿ ಏನೂ ಅಡ್ಡಿಯಿಲ್ಲ.”